ಬೀಗದ ಕೈ ಸಿಗುತ್ತಿಲ್ಲ: ಗ್ಯಾರೇಜಿನ ಹಳೇ ಕಂಪ್ಯೂಟರಿನ ಕಥೆ

ನಿಮ್ಮೂರಲ್ಲಿ ಹಳೇ ಗ್ಯಾರೇಜು ಇದ್ದರೆ, ಮುಂದಿನ ಸಲ ಕಾರು ಬಿಡಲು ಹೋದಾಗ ಒಳಗಿನ ಮೂಲೆಯನ್ನು ಸ್ವಲ್ಪ ಇಣುಕಿ ನೋಡಿ. ಗ್ರೀಸ್ ಮೆತ್ತಿದ ಕೀಬೋರ್ಡು, ವಿಂಡೋಸ್ ಎಕ್ಸ್‌ಪಿ ಇರುವ ಕಂಪ್ಯೂಟರು ಇನ್ನೂ ಉಸಿರಾಡುತ್ತಿರಬಹುದು. ಅದರ ಬೆನ್ನಿಗೆ ಬೆಂಕಿಪೊಟ್ಟಣದಷ್ಟು ಪ್ಲಾಸ್ಟಿಕ್ ತುಂಡೊಂದು ಸಿಕ್ಕಿಸಿದ್ದರೆ, ಮೆಕ್ಯಾನಿಕ್ ಅದನ್ನು ಯಾರಿಗೂ ಮುಟ್ಟಲು ಬಿಡುವುದಿಲ್ಲ. ಅದು ಸಡಿಲವಾದರೆ ವೈರಿಂಗ್ ನಕ್ಷೆ, ಯಾವ ಕೆಲಸಕ್ಕೆ ಎಷ್ಟು ಗಂಟೆ ಕೂಲಿ ಅನ್ನುವ ಲೆಕ್ಕ, ಹಳೇ ಗಿರಾಕಿಗಳ ಎಸ್ಟಿಮೇಟು ಯಾವುದೂ ತೆರೆಯೋದಿಲ್ಲ. ಪರದೆ ಮೇಲೆ ಒಂದೇ ಸಾಲು ಬರುತ್ತೆ: ಲೈಸೆನ್ಸ್ ಕೀ ಸಿಗುತ್ತಿಲ್ಲ.

ನಾವು ಕನ್ನಡದಲ್ಲಿ ಕೀಗೆ ‘ಬೀಗದ ಕೈ’ ಅಂತೀವಿ. ಈ ತುಂಡು ನಿಜಕ್ಕೂ ಬೀಗದ ಕೈಯೇ. ಎಲ್ಲರೂ ಕರೆಯುವ ಹೆಸರು ಡಾಂಗಲ್.

ಇದರ ಕಥೆ ಕಾರುಗಳಿಂದ ಶುರುವಾಗಲಿಲ್ಲ. 1980ರಲ್ಲಿ ಕಮೊಡೋರ್ ಪೆಟ್ ಎಂಬ ಕಂಪ್ಯೂಟರಿಗೆ ವರ್ಡ್‌ಕ್ರಾಫ್ಟ್ ಎಂಬ ಪತ್ರ ಬರೆಯುವ ತಂತ್ರಾಂಶ ಬಂತು. ಅದನ್ನು ನಕಲು ಮಾಡಿ ಹಂಚದಂತೆ ತಡೆಯಲು, ಕಂಪ್ಯೂಟರಿನ ಕ್ಯಾಸೆಟ್ ಪೋರ್ಟಿಗೆ ಸಿಕ್ಕಿಸುವ ಸಣ್ಣ ಪೆಟ್ಟಿಗೆಯೊಂದನ್ನು ಜೊತೆಗೆ ಕೊಟ್ಟರು. ಇಟ್ಟ ಹೆಸರು ಡಾಂಗಲ್. ಆ ಪದಕ್ಕೆ ಹಿಂದೆ ಮುಂದೆ ಅರ್ಥವೇನೂ ಇರಲಿಲ್ಲ. 1992ರಲ್ಲಿ ಕ್ಯಾಲಿಫೋರ್ನಿಯಾದ ರೇನ್‌ಬೋ ಟೆಕ್ನಾಲಜೀಸ್ ಕಂಪನಿ ತನ್ನ ಜಾಹೀರಾತಿನಲ್ಲಿ, ಇದನ್ನು ಕಂಡುಹಿಡಿದವನು ಡಾನ್ ಗಾಲ್, ಅವನ ಹೆಸರೇ ಡಾಂಗಲ್ ಆಯಿತು ಅಂತ ಕಥೆ ಕಟ್ಟಿತು. ಅಂಥ ಮನುಷ್ಯ ಇರಲೇ ಇಲ್ಲ. ಆದರೂ ಇವತ್ತಿಗೂ ಆ ಕಥೆ ನಂಬುವವರಿದ್ದಾರೆ.

ಇದು ಕೆಲಸ ಮಾಡುವ ರೀತಿ ಸರಳ. ಪ್ರೋಗ್ರಾಮ್ ಡಾಂಗಲ್‌ಗೆ ಒಂದು ಪ್ರಶ್ನೆ ಕಳಿಸುತ್ತೆ, ಒಳಗಿನ ಚಿಪ್ ಉತ್ತರ ಕೊಡುತ್ತೆ. ಉತ್ತರ ಸರಿ ಇದ್ದರೆ ಬಾಗಿಲು ತೆರೆಯುತ್ತೆ. ಸಿಡಿಯನ್ನು ನೂರು ಸಲ ನಕಲು ಮಾಡಬಹುದು, ಚಿಪ್ಪನ್ನು ಅಷ್ಟು ಸುಲಭವಾಗಿ ಮಾಡಲಾಗದು. ರೇನ್‌ಬೋದವರ ಸೆಂಟಿನೆಲ್, ಇಸ್ರೇಲಿನ ಅಲಾದ್ದೀನ್ ಕಂಪನಿಯ ಹ್ಯಾಸ್ಪ್ ಈ ವ್ಯಾಪಾರದ ದೊಡ್ಡ ಹೆಸರುಗಳಾದವು.

ಗ್ಯಾರೇಜಿಗೆ ಇದು ಯಾಕೆ ಬಂತು? ಅಮೆರಿಕದಲ್ಲಿ 1996ರ ಮಾಡೆಲ್‌ನಿಂದ ಎಲ್ಲ ಹೊಸ ಕಾರುಗಳಲ್ಲೂ ಒಬಿಡಿ-2 ಎಂಬ ತಪಾಸಣೆ ವ್ಯವಸ್ಥೆ ಕಡ್ಡಾಯವಾಯಿತು. ದಪ್ಪ ರಿಪೇರಿ ಪುಸ್ತಕಗಳ ಜಾಗಕ್ಕೆ ಸಿಡಿಗಳು ಬಂದವು. ಅವು ಅಗ್ಗವೇನಲ್ಲ, ಒಬ್ಬರು ಕೊಂಡು ನಾಲ್ಕು ಗ್ಯಾರೇಜಿನವರು ಹಂಚಿಕೊಂಡರೆ ಮಾಡಿದವನಿಗೆ ನಷ್ಟ. ಹಾಗಾಗಿ ಬೀಗ ಹಾಕಿದ್ದು ತಪ್ಪು ಅನ್ನೋಕಾಗಲ್ಲ. ತೊಂದರೆ ಬಂದದ್ದು ಆಮೇಲೆ. ‘ಕೀ ಸಿಗುತ್ತಿಲ್ಲ’ ಎಂಬ ಆ ಒಂದೇ ಸಾಲಿನ ಹಿಂದೆ ಬೇರೆ ಬೇರೆ ಕಾಲದ ಕಾರಣಗಳಿವೆ.

ಮೊದಲನೆಯದು 25 ಪಿನ್ನಿನ ಪ್ಯಾರಲಲ್ ಪೋರ್ಟಿನ ಕಾಲದ್ದು. ಡಾಂಗಲ್ ಕಂಪ್ಯೂಟರಿಗೂ ಪ್ರಿಂಟರಿಗೂ ನಡುವೆ ಕೂರುತ್ತಿತ್ತು. ಪ್ರಿಂಟರ್ ಜಗಳ ತೆಗೆದರೆ ಕೀ ಮಾತಾಡುತ್ತಿರಲಿಲ್ಲ. ಪ್ರಿಂಟರ್ ತೆಗೆದು ನೋಡುವುದು, ಬಯೋಸ್‌ನಲ್ಲಿ ಪೋರ್ಟಿನ ವಿಧಾನ ಬದಲಿಸುವುದು ಅಂದಿನ ಮದ್ದು. ಪೋರ್ಟೇ ಇಲ್ಲದ ಹೊಸ ಕಂಪ್ಯೂಟರಿಗೆ ಯುಎಸ್‌ಬಿ ಅಡಾಪ್ಟರ್ ತಂದವರು ಸಾಮಾನ್ಯವಾಗಿ ನಿರಾಶರಾದರು; ಅದು ಪ್ರಿಂಟರಿಗೆಂದೇ ಮಾಡಿದ್ದು, ಡಾಂಗಲ್‌ನ ಭಾಷೆ ಅದಕ್ಕೆ ಬಾರದು.

ಎರಡನೆಯದು ಡ್ರೈವರ್. ಗಾಡಿ ಓಡಿಸುವವನಲ್ಲ, ವಿಂಡೋಸಿಗೂ ಯಂತ್ರಕ್ಕೂ ನಡುವಿನ ದುಭಾಷಿ. ವಿಂಡೋಸ್ 98ರಲ್ಲಿ ಪ್ರೋಗ್ರಾಮ್ ನೇರವಾಗಿ ಪೋರ್ಟ್ ಮುಟ್ಟಬಹುದಿತ್ತು. 2001ರಲ್ಲಿ ಬಂದ ಎಕ್ಸ್‌ಪಿ ಅದಕ್ಕೆ ಬಿಡಲಿಲ್ಲ, ಡ್ರೈವರ್ ಬೇಕೇ ಬೇಕಾಯಿತು. ಯುಎಸ್‌ಬಿ ಕೀ ಬಂದ ಮೇಲೆ ಇನ್ನೊಂದು ಎಡವಟ್ಟು: ಡ್ರೈವರ್ ಹಾಕುವ ಮೊದಲೇ ಕೀ ಸಿಕ್ಕಿಸಿದರೆ ವಿಂಡೋಸ್ ಅದನ್ನು ಗುರುತಿಸದೆ ಒದ್ದಾಡುತ್ತಿತ್ತು. ಕೀ ತೆಗೆದು, ಹಳೇ ಡ್ರೈವರ್ ಅಳಿಸಿ, ಕಂಪ್ಯೂಟರ್ ಮರುಶುರು ಮಾಡಿ, ಡ್ರೈವರ್ ಹಾಕಿ, ಕೊನೆಗೆ ಕೀ ಸಿಕ್ಕಿಸಬೇಕು. ಅನೇಕ ಕೀಗಳಲ್ಲಿ ಪುಟ್ಟ ದೀಪ ಇರುತ್ತೆ. ಅದು ಹತ್ತಿದರೆ ಡ್ರೈವರ್ ಮಾತಾಡುತ್ತಿದೆ ಅಂತ ಲೆಕ್ಕ.

ಮೂರನೆಯದು 64-ಬಿಟ್ ವಿಂಡೋಸ್. ಡಿಜಿಟಲ್ ಸಹಿ ಇಲ್ಲದ ಡ್ರೈವರನ್ನು ಅದು ಒಳಗೆ ಬಿಡಲಿಲ್ಲ. 16-ಬಿಟ್ ಕಾಲದ ಪ್ರೋಗ್ರಾಮುಗಳನ್ನಂತೂ ಓಡಿಸಲೇ ಇಲ್ಲ. ಇಲ್ಲಿ ಕೀ ಕೆಟ್ಟಿಲ್ಲ, ಸುತ್ತಲಿನ ಲೋಕ ಬದಲಾಗಿದೆ.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಬೇಸರ ತರಿಸುವ ಕಾರಣ. ಹೊಸ ಡ್ರೈವರ್ ಬೇಕು ಅಂತ ಕೀ ಮೇಲಿನ ಹೆಸರು ಹಿಡಿದು ಹುಡುಕಿದರೆ ಆ ಕಂಪನಿಯೇ ಇಲ್ಲ. 2004ರಲ್ಲಿ ರೇನ್‌ಬೋ ಸೇಫ್‌ನೆಟ್‌ಗೆ ಸೇರಿತು. ಮುಂದೆ ಅಲಾದ್ದೀನ್ ಕೂಡ ಅಲ್ಲಿಗೇ ಬಂತು. ಸೇಫ್‌ನೆಟ್ ಜೆಮಾಲ್ಟೊ ಪಾಲಾಯಿತು, 2019ರಲ್ಲಿ ಜೆಮಾಲ್ಟೊವನ್ನು ಫ್ರಾನ್ಸಿನ ಥಾಲೆಸ್ ಕೊಂಡಿತು. ಸೆಂಟಿನೆಲ್, ಹ್ಯಾಸ್ಪ್ ಡ್ರೈವರುಗಳನ್ನು ಈಗ ಥಾಲೆಸ್ ಹೆಸರಿನಡಿ ಹುಡುಕಬೇಕು. ಇದು ಗೊತ್ತಿಲ್ಲದೆ ಕೈಚೆಲ್ಲಿದವರು ಎಷ್ಟು ಜನವೋ. ಚಿಪ್ಪೇ ಸುಟ್ಟುಹೋಗಿದ್ದರಂತೂ ಬದಲಿ ಕೊಡಬೇಕಾದದ್ದು ರಿಪೇರಿ ತಂತ್ರಾಂಶ ಮಾರಿದವರು. ಅವರೂ ಅಂಗಡಿ ಮುಚ್ಚಿದ್ದರೆ?

ಬೀಗ ಒಡೆಯಬಹುದಲ್ವಾ ಅಂತ ಕೇಳ್ತೀರಿ. ಅಮೆರಿಕದ 1998ರ ಡಿಎಂಸಿಎ ಕಾನೂನು ಡಿಜಿಟಲ್ ಬೀಗ ಒಡೆಯುವುದನ್ನೇ ನಿಷೇಧಿಸಿತು, ಒಳಗಿರೋದು ನೀವು ದುಡ್ಡು ಕೊಟ್ಟು ಕೊಂಡದ್ದಾದರೂ. ಮೂರು ವರ್ಷಕ್ಕೊಮ್ಮೆ ವಿನಾಯಿತಿಗಳ ಪಟ್ಟಿ ಹೊರಡುತ್ತೆ. 2003ರ ಪಟ್ಟಿಯಲ್ಲಿ ಡಾಂಗಲ್‌ಗೂ ಜಾಗ ಸಿಕ್ಕಿತು: ಕೀ ಕೆಟ್ಟು, ಬದಲಿಯೂ ಸಿಗದಂತಾಗಿದ್ದರೆ ದಾಟಿಹೋಗಬಹುದು. 2006ರಲ್ಲೂ 2010ರಲ್ಲೂ ಅದು ಉಳಿಯಿತು. 2012ರ ಪಟ್ಟಿಯಲ್ಲಿ ಇರಲಿಲ್ಲ. 2015ರಲ್ಲಿ ರಿಪೇರಿಗಾಗಿ ವಿನಾಯಿತಿ ಸಿಕ್ಕಿದ್ದು ಕಾರಿನೊಳಗಿನ ತಂತ್ರಾಂಶಕ್ಕೆ; ಗ್ಯಾರೇಜಿನ ಮೂಲೆಯ ಕಂಪ್ಯೂಟರಿಗಲ್ಲ.

ಬೀಗ ಹಾಕಿದವರು ಹೋದ ಮೇಲೂ ಬೀಗ ಉಳಿದರೆ ಅದರ ಭಾರ ಹೊರುವವನು ಪ್ರಾಮಾಣಿಕವಾಗಿ ದುಡ್ಡು ಕೊಟ್ಟವನೇ. ಡಾಂಗಲ್ ಹೋಗಿ ಆನ್‌ಲೈನ್ ಚಂದಾ ಬಂದಿದೆ ಅಂತ ಸಮಾಧಾನ ಪಡಬೇಡಿ. ಈಗ ಕೀ ದೂರದ ಸರ್ವರಿನಲ್ಲಿದೆ, ಅಷ್ಟೇ. ಕೈಗೆ ಸಿಗುವ ಪ್ಲಾಸ್ಟಿಕ್ ತುಂಡೂ ಇಲ್ಲ.

ನಿಮಗೆ ಗೊತ್ತಿರುವವರ ಹತ್ತಿರ ಅಂಥ ಕಂಪ್ಯೂಟರ್ ಇದ್ದರೆ, ಕೀ ಇನ್ನೂ ಕೆಲಸ ಮಾಡುತ್ತಿರುವಾಗಲೇ ಗಿರಾಕಿಗಳ ದಾಖಲೆಗಳನ್ನು ಹೊರಗೆ ತೆಗೆದಿಡಲು ಹೇಳಿ. ಡ್ರೈವರಿನ ಸಿಡಿ, ಕೊಂಡ ರಸೀದಿ, ಕೀ ಮೇಲಿನ ನಂಬರು ಒಂದೇ ಲಕೋಟೆಯಲ್ಲಿರಲಿ. ಆ ಕಂಪ್ಯೂಟರನ್ನು ಇಂಟರ್ನೆಟ್ಟಿಗೆ ಮಾತ್ರ ಸೇರಿಸಬೇಡಿ.