ಕಿರುತೆರೆಯ ಶಿಖಂಡಿ, ನಮ್ಮೂರಿನ ಅರವಾನ್

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡ ಮನೆಗಳಿಗೆ ಸ್ಟಾರ್ ಪ್ಲಸ್ ವಾಹಿನಿಯ ‘ಮಹಾಭಾರತ’ ಬಂದದ್ದು ತಮಿಳಿನ ಮೂಲಕ. 2013ರಲ್ಲಿ ವಿಜಯ್ ಟಿವಿ ಅದನ್ನು ಡಬ್ ಮಾಡಿ ಪ್ರಸಾರ ಮಾಡಿತು. ಕರ್ನಾಟಕದಲ್ಲಿ ಡಬ್ಬಿಂಗಿಗೆ ಇದ್ದ ವಿರೋಧದಿಂದಾಗಿ ಅದರ ಕನ್ನಡ ರೂಪ ಸ್ಟಾರ್ ಸುವರ್ಣದಲ್ಲಿ ಕಾಣಿಸಿಕೊಳ್ಳಲು 2020ರ ಲಾಕ್‌ಡೌನ್ ಬರಬೇಕಾಯಿತು. ಹೀಗೆ ನಾವು, ಮಗ್ಗದ ಮನೆಯವರೂ ಒಕ್ಕಲುತನದವರೂ, ತಮಿಳಿನಲ್ಲಿ ನೋಡಿ ಕನ್ನಡದಲ್ಲಿ ಮಾತಾಡಿಕೊಂಡೆವು.

ಆ ಮಾತುಕತೆಯಲ್ಲಿ ಶಿಖಂಡಿಗೆ ಮಾತ್ರ ನ್ಯಾಯ ದೊರೆಯಲಿಲ್ಲ. 1988–90ರ ಬಿ.ಆರ್. ಚೋಪ್ರಾ ಧಾರಾವಾಹಿಯಲ್ಲಿ ಈ ಪಾತ್ರವನ್ನು ಹಾಸ್ಯನಟ ಪೇಂಟಲ್ ವಹಿಸಿದ್ದರೆ, 2013ರಲ್ಲಿ ನಟಿ ಶಿಖಾ ಸಿಂಗ್ ವಹಿಸಿದರು. ನಮ್ಮ ನೆನಪಿನಲ್ಲಿ ಉಳಿದದ್ದು ಭೀಷ್ಮರೆದುರು ನಿಂತ ಶಿಖಂಡಿಯಷ್ಟೇ. ಮನೆಮಾತಿನಲ್ಲಂತೂ ಆ ಹೆಸರು ಬೈಗುಳ. ಅದನ್ನು ಕೇಳುತ್ತ ಬೆಳೆಯುವ ಮಕ್ಕಳಲ್ಲಿ ಯಾರಿಗೆ ಎಲ್ಲಿ ತಾಗುತ್ತದೆಂದು ನಾವು ಯೋಚಿಸಿದ್ದಿಲ್ಲ.

ಇದೇ ಕೊಯಮತ್ತೂರಿನ ಸಿಂಗಾನಲ್ಲೂರಿನಲ್ಲಿ ಅರವಾನ್ ಉತ್ಸವ ನಡೆಯುತ್ತದೆ. ಅರ್ಜುನ–ಉಲೂಪಿಯರ ಈ ಮಗ 9ನೆಯ ಶತಮಾನದ ಪೆರುಂದೇವನಾರರ ಭಾರತ ವೆಣ್ಬಾದಲ್ಲಿಯೇ ಯುದ್ಧಬಲಿಯಾಗುತ್ತಾನೆ. ಸಾಯುವ ಮುನ್ನ ಮದುವೆ ಬಯಸಿದವನಿಗೆ ಕೃಷ್ಣನೇ ಮೋಹಿನಿಯಾಗಿ ಹೆಂಡತಿಯಾದನೆಂಬುದು ತಮಿಳು ಜನಪದರ ಕಥೆ. ಕೂವಾಗಂನಲ್ಲಿ ತಿರುನಂಗೈಯರು ಚಿತ್ತಿರೈ ತಿಂಗಳಲ್ಲಿ ಅವನ ಹೆಸರಿನ ತಾಳಿ ಕಟ್ಟಿಸಿಕೊಂಡು, ಮರುದಿನ ವಿಧವೆಯರಾಗಿ ಗೋಳಾಡುತ್ತಾರೆ. ಅಲ್ಲಿ ನೋಡುವವರೇ ಕಥೆಯ ಪಾತ್ರಗಳು. ಕಿರುತೆರೆಯ ಮುಂದೆ ಕುಳಿತ ನಮಗೆ ಆ ಸಲುಗೆ ಇಲ್ಲ.

ಲಿಂಗಪರಿವರ್ತನೆ ಬೇರೆ, ಸಲಿಂಗಪ್ರೇಮ ಬೇರೆ. ನಮ್ಮ ಕಥೆಗಳು ಮೊದಲನೆಯದನ್ನು ಒಪ್ಪಿ ಎರಡನೆಯದನ್ನು ದಾಟಿಕೊಳ್ಳುತ್ತವೆ. ನ್ಯಾಯಾಲಯವೂ ಹಾಗೆಯೇ ನಡೆದಂತಿದೆ: ಆ ಧಾರಾವಾಹಿ ಓಡುತ್ತಿದ್ದಾಗಲೇ, 2013ರ ಡಿಸೆಂಬರ್ 11ರಂದು, ಸುಪ್ರೀಂ ಕೋರ್ಟ್ 377ನೆಯ ಕಲಮನ್ನು ಎತ್ತಿಹಿಡಿಯಿತು, 2014ರ ಏಪ್ರಿಲ್ 15ರಂದು ತೃತೀಯಲಿಂಗಿಗಳಿಗೆ ಮಾನ್ಯತೆ ನೀಡಿತು. ಸಲಿಂಗಪ್ರೇಮ ಅಪರಾಧವಲ್ಲವೆಂಬ ತೀರ್ಪಿಗೆ 2018ರ ಸೆಪ್ಟೆಂಬರ್ 6ರವರೆಗೆ ಕಾಯಬೇಕಾಯಿತು. ಅಮೆರಿಕದ ‘ಬಫಿ ದ ವ್ಯಾಂಪೈರ್ ಸ್ಲೇಯರ್’ ಎಂಬ ಮಾಯಾಲೋಕದ ಧಾರಾವಾಹಿಯಲ್ಲಿ ವಿಲೋ ಎಂಬ ಮಾಟಗಾತಿಯ ಪ್ರೇಯಸಿ ಟಾರಾಳನ್ನು 2002ರ ಮೇ ತಿಂಗಳಲ್ಲಿ ಗುಂಡಿಗೆ ಬಲಿಕೊಟ್ಟಾಗ ವೀಕ್ಷಕರು ಸಿಟ್ಟಿಗೆದ್ದಿದ್ದರು. ನಮ್ಮಲ್ಲಿ ಸಿಟ್ಟಾಗಲು ಅಂಥ ಜೋಡಿಯೊಂದು ಕಣ್ಣಿಗೆ ಬೀಳಬೇಕಲ್ಲ!

ಬಿದ್ದಿರಬೇಕಾಗಿತ್ತು. ಉದ್ಯೋಗಪರ್ವದಲ್ಲಿ ಅದು ಇದೆ. ಹೆಣ್ಣಾಗಿ ಹುಟ್ಟಿ ಗಂಡಿನಂತೆ ಬೆಳೆದ ಶಿಖಂಡಿಗೆ ದಶಾರ್ಣದ ಅರಸ ಹಿರಣ್ಯವರ್ಮನ ಮಗಳನ್ನು ತಂದು ಮದುವೆ ಮಾಡುತ್ತಾರೆ. ತನ್ನ ಗಂಡ ಹೆಣ್ಣೆಂದು ಆಕೆ ದಾದಿಯರಿಗೆ ತಿಳಿಸುತ್ತಾಳೆ. ಅರಸ ದಂಡೆತ್ತಿ ಬರುತ್ತಾನೆ. ಕಾಡಿನಲ್ಲಿ ಪ್ರಾಣ ಬಿಡಲು ಹೊರಟ ಶಿಖಂಡಿಗೆ ಸ್ಥೂಣಾಕರ್ಣನೆಂಬ ಯಕ್ಷ ತನ್ನ ಪುರುಷತ್ವವನ್ನು ಎರವಲು ಕೊಡುತ್ತಾನೆ. ಹಿರಣ್ಯವರ್ಮ ಹೆಂಗಸರನ್ನು ಕಳುಹಿಸಿ ಪರೀಕ್ಷಿಸಿ, ಅಳಿಯ ಗಂಡಸೇ ಎಂದು ತೃಪ್ತನಾಗಿ, ಮೊದಲಿಗೆ ನಿಜ ಹೇಳಿದ್ದ ಮಗಳನ್ನೇ ಗದರಿಸಿ ಊರಿಗೆ ಹಿಂದಿರುಗಿದನೆಂದು ಒಂದು ಪಾಠ.