ಕಲಾಸಿಪಾಳ್ಯದ ಬಸ್ಸು, ಚಾಮರಾಜಪೇಟೆಯ ಕ್ಯಾಸೆಟ್ಟು, ಒಬ್ಬ ಏಕಾಂಗಿ

2004ರಲ್ಲಿ ನಿರ್ಮಾಪಕ ರಾಮು ಅವರ ಎರಡು ಚಿತ್ರಗಳು ತೆರೆಗೆ ಬಂದವು. ಒಂದು ‘ಮಲ್ಲ’, ಇನ್ನೊಂದು ‘ಕಲಾಸಿಪಾಳ್ಯ’. ನಲವತ್ತು ದಾಟಿದ ವಿ. ರವಿಚಂದ್ರನ್ ಅವರನ್ನು ‘ಮಲ್ಲ’ ಮತ್ತೆ ಗೆಲುವಿನ ದಾರಿಗೆ ತಂದಿತು. ಆಗತಾನೇ ಏರುತ್ತಿದ್ದ ದರ್ಶನ್ ಅವರಿಗೆ ‘ಕಲಾಸಿಪಾಳ್ಯ’ ದೊಡ್ಡ ಹಿಟ್ ಆಯಿತು. ಒಂದೇ ನಿರ್ಮಾಪಕರ ಹಣದಲ್ಲಿ, ಒಂದೇ ವರ್ಷದಲ್ಲಿ, ಒಂದು ತಲೆಮಾರಿನ ಪ್ರೇಮಗೀತೆಯ ನಾಯಕ ಮರಳಿ ಬಂದರು, ಮತ್ತೊಂದು ತಲೆಮಾರಿನ ಮಾಸ್ ನಾಯಕ ನೆಲೆಯೂರಿದರು. ಆದರೆ ರವಿಚಂದ್ರನ್ ನಿಜವಾಗಿ ಮರಳಿ ಬರಲು ಹೊರಟದ್ದು ಅದಕ್ಕೂ ಎರಡು ವರ್ಷ ಮೊದಲು, 2002ರ ‘ಏಕಾಂಗಿ’ಯಲ್ಲಿ. ಆ ಪ್ರಯತ್ನವನ್ನು ಜನ ಅರ್ಧ ಒಪ್ಪಿ ಅರ್ಧ ಒಪ್ಪದೆ ಹೋದದ್ದೇಕೆ ಎಂದು ತಿಳಿಯಬೇಕಾದರೆ, ಹಳೇ ಬೆಂಗಳೂರಿನಲ್ಲಿ ಹಾಡು ಹೇಗೆ ಮಾರಾಟವಾಗುತ್ತಿತ್ತು ಎಂಬುದನ್ನು ಮೊದಲು ನೋಡಬೇಕು.

ಕಲಾಸಿಪಾಳ್ಯದ ಸುತ್ತಲಿನ ಹಳೇ ಪೇಟೆಗೂ ಕನ್ನಡದ ಸಿನಿಮಾ ಹಾಡಿಗೂ ನಂಟು ಹಳೆಯದು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ತೆರೆಕಂಡದ್ದು ಸಿಟಿ ಮಾರ್ಕೆಟ್ ಬಳಿಯ ಪ್ಯಾರಮೌಂಟ್ ಟಾಕೀಸಿನಲ್ಲಿ. ಕಲಾಸಿಪಾಳ್ಯಕ್ಕೆ ಅದು ಕೂಗಳತೆಯ ದೂರ. ನಿರ್ದೇಶನ ವೈ.ವಿ. ರಾವ್ ಅವರದು, ಮಾತು ಮತ್ತು ಹಾಡು ಬೆಳ್ಳಾವೆ ನರಹರಿ ಶಾಸ್ತ್ರಿಗಳದು. ಸುಬ್ಬಯ್ಯ ನಾಯ್ಡು ಇಂದ್ರಜಿತು, ಆರ್. ನಾಗೇಂದ್ರರಾಯರು ರಾವಣ. ಚಿತ್ರೀಕರಣ ನಡೆದದ್ದು ದೂರದ ಕೊಲ್ಹಾಪುರದಲ್ಲಿ. ನಾಟಕ ಕಂಪನಿಗಳ ರಂಗಗೀತೆ ಕೇಳಿ ಬೆಳೆದಿದ್ದ ಪೇಟೆಯ ಜನ ಅದನ್ನು ಆರು ವಾರ ಓಡಿಸಿದರು. ಹಾಡು ಚೆನ್ನಾಗಿದ್ದರೆ ಅದೇ ಆಟವನ್ನು ಮತ್ತೆ ಮತ್ತೆ ನೋಡುವ ರೂಢಿ ನಾಟಕದಿಂದ ಟಾಕೀಸಿಗೂ ದಾಟಿ ಬಂತು.

ಆಮೇಲೆ ಬಹುಕಾಲ ಹಾಡು ಕೇಳುವುದೆಂದರೆ ಆಕಾಶವಾಣಿ, ಗಣೇಶನ ಹಬ್ಬದ ಮೈಕು, ಹೋಟೆಲಿನ ರೇಡಿಯೋ. ಗ್ರಾಮಫೋನ್ ತಟ್ಟೆ ಕೊಳ್ಳುವ ಶಕ್ತಿ ಕೆಲವೇ ಮನೆಗಳಿಗಿತ್ತು. ಎಪ್ಪತ್ತರ ದಶಕದ ಕೊನೆಗೆ ಕ್ಯಾಸೆಟ್ ಬಂದು ಈ ಲೆಕ್ಕವನ್ನೇ ಬದಲಿಸಿತು. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಧ್ವನಿಸುರುಳಿ ಬಂದಾಗ, ಕವಿತೆಯೂ ಅಂಗಡಿಯಲ್ಲಿ ಸಿಗುವ ಸರಕಾಯಿತು. ಮರುದಶಕದಲ್ಲಿ ಟೇಪ್ ರೆಕಾರ್ಡರ್ ಮಧ್ಯಮವರ್ಗದ ಮನೆಯ ಶೋಕೇಸಿಗೆ ಬಂತು, ಆಟೋರಿಕ್ಷಾದ ಸೀಟಿನ ಹಿಂಬದಿಗೆ ಬಂತು, ಬಸ್ಸು ಲಾರಿಗಳ ಡ್ಯಾಶ್‌ಬೋರ್ಡಿಗೂ ಬಂತು.

ಕಲಾಸಿಪಾಳ್ಯದ ಪಾತ್ರ ಇಲ್ಲಿದೆ. ಖಾಸಗಿ ಬಸ್ಸುಗಳು ಹೊರಡುವುದು ಅಲ್ಲಿಂದ, ಲಾರಿ ಟ್ರಾನ್ಸ್‌ಪೋರ್ಟ್ ಕಚೇರಿಗಳು ಇರುವುದೂ ಅಲ್ಲೇ. ಪಕ್ಕದಲ್ಲಿ ತರಕಾರಿ ಮಂಡಿ. ಸೊಪ್ಪು, ಟೊಮೆಟೊ ಇಳಿಸಿ ಊರಿಗೆ ಮರಳುವ ಗಾಡಿಗಳಲ್ಲಿ ಹೊಸ ಸಿನಿಮಾದ ಹಾಡು ಹೋಗುತ್ತಿತ್ತು. ಚಿತ್ರಮಂದಿರವೇ ಇಲ್ಲದ ಹಳ್ಳಿಗೆ ಸಿನಿಮಾಕ್ಕಿಂತ ಮೊದಲು ಅದರ ಕ್ಯಾಸೆಟ್ ತಲುಪಿರುತ್ತಿತ್ತು. ಡ್ರೈವರ್ ಒಂದೇ ಸೈಡನ್ನು ದಾರಿಯುದ್ದಕ್ಕೂ ತಿರುಗಿಸಿ ತಿರುಗಿಸಿ ಹಾಕಿದರೆ, ಇಳಿಯುವ ಹೊತ್ತಿಗೆ ಪ್ರಯಾಣಿಕರಿಗೆ ಪಲ್ಲವಿ ಬಾಯಿಪಾಠ. ರೇಡಿಯೋದಲ್ಲಿ ಯಾವ ಹಾಡು ಬರಬೇಕೆಂದು ಬೇರೆ ಯಾರೋ ತೀರ್ಮಾನಿಸುತ್ತಿದ್ದರು. ಬಸ್ಸಿನಲ್ಲಿ ಡ್ರೈವರ್ ಮತ್ತು ಪ್ರಯಾಣಿಕರೇ ತೀರ್ಮಾನಿಸಿದರು.

ಈ ದಾರಿಯಲ್ಲಿ ಹರಿದ ಸರಕಿನಲ್ಲಿ ದೊಡ್ಡ ಪಾಲು ಚಾಮರಾಜಪೇಟೆಯ ಲಹರಿ ಸಂಸ್ಥೆಯದು. ಮನೋಹರ ನಾಯ್ಡು ಮತ್ತು ತುಳಸಿರಾಮ ನಾಯ್ಡು ಸಹೋದರರು ಕಟ್ಟಿದ ಸಂಸ್ಥೆ ಅದು. ಕಿರಿಯರನ್ನು ಉದ್ಯಮದವರು ‘ಲಹರಿ ವೇಲು’ ಎಂದೇ ಕರೆಯುತ್ತಾರೆ. 1987ರಲ್ಲಿ ಅವರ ಕೈಗೆ ಬಂದದ್ದು ‘ಪ್ರೇಮಲೋಕ’.

ರವಿಚಂದ್ರನ್ ಉದ್ಯಮಕ್ಕೆ ಹೊಸಬರಾಗಿರಲಿಲ್ಲ. ತಂದೆ ಎನ್. ವೀರಾಸ್ವಾಮಿ 1972ರ ‘ನಾಗರಹಾವು’ ನಿರ್ಮಿಸಿದವರು. ಮಗ ಮಾತ್ರ ತಂದೆಯ ದಾರಿ ಬಿಟ್ಟು, ಕಥೆಯನ್ನೆಲ್ಲ ಹಾಡಿನಲ್ಲೇ ಹೇಳುವ ಚಿತ್ರ ಮಾಡಲು ಹೊರಟರು. ಹಂಸಲೇಖ ಅದಕ್ಕೆ ಸಾಹಿತ್ಯ, ಸಂಗೀತ ಎರಡನ್ನೂ ಕೊಟ್ಟರು. ಕಾಲೇಜು ಹುಡುಗರ ಆಡುಮಾತು, ಜಗಳ, ಚುಡಾಯಿಸುವಿಕೆ ಎಲ್ಲವೂ ತಾಳಕ್ಕೆ ಕೂತವು. ಎಸ್.ಪಿ. ಬಾಲಸುಬ್ರಹ್ಮಣ್ಯಂ, ಎಸ್. ಜಾನಕಿ ಅವುಗಳಿಗೆ ದನಿಯಾದರು. ಕ್ಯಾಸೆಟ್ ಲಕ್ಷಗಟ್ಟಲೆ ಮಾರಿತು. ಕನ್ನಡ ಹಾಡಿಗೂ ಇಷ್ಟು ದೊಡ್ಡ ಮಾರುಕಟ್ಟೆ ಇದೆಯೆಂದು ಗಾಂಧಿನಗರದ ಚಿತ್ರೋದ್ಯಮಕ್ಕೆ ಗೊತ್ತಾದದ್ದು ಆಗ. ನಂತರ ‘ರಣಧೀರ’, ‘ಅಂಜದ ಗಂಡು’, ‘ಯುದ್ಧಕಾಂಡ’ ಸಾಲಾಗಿ ಬಂದವು. ಜನ ಅವರನ್ನು ‘ಕ್ರೇಜಿ ಸ್ಟಾರ್’ ಎಂದರು, ‘ಕನಸುಗಾರ’ ಎಂದರು.

ಮೊದಲ ಪೆಟ್ಟು ಬಿದ್ದದ್ದು 1991ರಲ್ಲಿ. ಕನ್ನಡ, ತೆಲುಗು, ತಮಿಳು, ಹಿಂದಿ ನಾಲ್ಕೂ ಭಾಷೆಗಳಲ್ಲಿ ತೆಗೆದ ‘ಶಾಂತಿ ಕ್ರಾಂತಿ’ ಸೋತಿತು. ತೆಲುಗಿಗೆ ನಾಗಾರ್ಜುನ, ತಮಿಳು ಹಿಂದಿಗಳಿಗೆ ರಜನೀಕಾಂತ್ ನಾಯಕರಾಗಿದ್ದರೂ ಉಳಿಯಲಿಲ್ಲ. ಅದೇ ವರ್ಷ ತಮಿಳಿನಿಂದ ಬಂದ ‘ರಾಮಾಚಾರಿ’ ಅವರನ್ನು ಎತ್ತಿ ನಿಲ್ಲಿಸಿತು. ಆ ಗೆಲುವಿನಲ್ಲಿ ಹಂಸಲೇಖರ ಹಾಡುಗಳ ಪಾಲು ದೊಡ್ಡದಿತ್ತು. ಹಣ ಕಳೆದುಕೊಂಡಾಗಲೂ ರವಿಚಂದ್ರನ್ ಅವರಿಗೆ ಹಾಡಿನ ಆಸರೆ ತಪ್ಪಿರಲಿಲ್ಲ.

ತೊಂಬತ್ತರ ದಶಕದ ಕೊನೆಗೆ ಆ ಆಸರೆಯೇ ಸಡಿಲವಾಯಿತು. ರವಿಚಂದ್ರನ್, ಹಂಸಲೇಖ ಬೇರೆಯಾದರು. ಸಂಗೀತದ ಹೊಣೆಯನ್ನೂ ರವಿಚಂದ್ರನ್ ತಾವೇ ಹೊತ್ತರು. ಹೀಗೆ ಕೇಳುಗರೆದುರು ಹೊಸದಾಗಿ ಪರೀಕ್ಷೆಗೆ ನಿಂತಾಗ ಅವರು ಇಟ್ಟದ್ದು ‘ಏಕಾಂಗಿ’. ನಿರ್ಮಾಣ, ನಿರ್ದೇಶನ, ಸಂಗೀತ ಅವರದೇ. ಹಾಡುಗಳನ್ನೂ ತಾವೇ ಬರೆದರು. ಜೊತೆಯಲ್ಲಿ ರಮ್ಯಕೃಷ್ಣ, ಪ್ರಕಾಶ್ ರೈ. ಹಿಂದೆ ಪ್ರೇಮಿಗಳ ಗುಂಪಿನ ನಡುವೆ ಕುಣಿಯುತ್ತಿದ್ದ ನಾಯಕ ಇಲ್ಲಿ ಒಂಟಿತನದಲ್ಲಿ ಬದುಕುವ ಮನುಷ್ಯ.

ಹೊರಗಿನ ಜಗತ್ತಿನಲ್ಲೂ ಆಗ ಇಂಥದೇ ಒಂದು ಪರೀಕ್ಷೆ ನಡೆದಿತ್ತು. 2001ರ ಅಕ್ಟೋಬರ್ ಕೊನೆಯಲ್ಲಿ ಮೈಕಲ್ ಜಾಕ್ಸನ್ ‘ಇನ್ವಿನ್ಸಿಬಲ್’ ಆಲ್ಬಂ ತಂದರು. 1991ರ ‘ಡೇಂಜರಸ್’ ನಂತರ ಪೂರ್ತಿ ಹೊಸ ಹಾಡುಗಳ ಆಲ್ಬಂ ಬಂದದ್ದು ಅದೇ ಮೊದಲು. ಅಮೆರಿಕದ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೇರಿತು. ವಿಮರ್ಶಕರು ಮಾತ್ರ ಎರಡು ಬಣವಾದರು, 1982ರ ‘ಥ್ರಿಲ್ಲರ್’ ಪಕ್ಕದಲ್ಲಿಟ್ಟೇ ಅಳೆದರು. ರವಿಚಂದ್ರನ್ ಅವರಿಗೂ ಅಳತೆಗೋಲು ಹೊಸ ಕೃತಿಯೊಳಗಿನಿಂದ ಬರಲಿಲ್ಲ. ಅದು ಹದಿನೈದು ವರ್ಷ ಹಿಂದಿನ ಕ್ಯಾಸೆಟ್ಟಿನಿಂದ ಬಂತು.

‘ಏಕಾಂಗಿ’ಯ ಹಾಡುಗಳನ್ನು ಮೆಚ್ಚಿದವರು ಇದ್ದರು. ಚಿತ್ರಕ್ಕೆ ರಾಜ್ಯ ಸರ್ಕಾರದ ಪ್ರಶಸ್ತಿಗಳೂ ಬಂದವು. ಆದರೆ ಚಿತ್ರಮಂದಿರದ ಗಲ್ಲಾಪೆಟ್ಟಿಗೆ ತುಂಬಲಿಲ್ಲ. ದೋಷ ಚಿತ್ರದಲ್ಲಿ ಇರಲಿಲ್ಲವೆಂದಲ್ಲ. ಕಥೆ ನಿಧಾನ, ಮಾತು ಹೆಚ್ಚು, ನಾಯಕನ ನೋವು ನೋಡುವವರಿಗೆ ದಾಟುವ ಮೊದಲೇ ದೃಶ್ಯದ ಅಂದಚಂದ ಮುಂದೆ ಬಂದು ನಿಲ್ಲುತ್ತದೆ. ಹಂಸಲೇಖರ ಪದಗಳಲ್ಲಿದ್ದ ಬೀದಿಯ ಲವಲವಿಕೆಯೂ ಇಲ್ಲ. ಆದರೂ ಇದು ಪೂರ್ತಿ ಕಾರಣವಲ್ಲ. ‘ಪ್ರೇಮಲೋಕ’ದ ಹಾಡುಗಳು ಹಲವರು ಒಟ್ಟಿಗೆ ಕೇಳಲು ಹೇಳಿಮಾಡಿಸಿದವು. ಬಸ್ಸು ಅವನ್ನು ಎತ್ತಿಕೊಂಡಿತು. ‘ಏಕಾಂಗಿ’ಯವು ಒಬ್ಬರೇ ಕೂತು ಕೇಳುವ ಹಾಡುಗಳು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಬಸ್ಸಿನಲ್ಲೂ ಒಂಟಿಯಾಗಿ ಕೇಳುವ ಅಭ್ಯಾಸ ಊರಿಗೆಲ್ಲ ಹಬ್ಬಲು ಇನ್ನೂ ಹಲವು ವರ್ಷ ಬೇಕಿತ್ತು.

ಇನ್ನೊಂದು ಕಡೆ ಕ್ಯಾಸೆಟ್ ವ್ಯಾಪಾರವೇ ಕುಸಿಯುತ್ತಿತ್ತು. 2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ಬೆಂಗಳೂರಿನಲ್ಲೇ ಶುರುವಾಯಿತು. ಫುಟ್‌ಪಾತಿನಲ್ಲಿ ಒಂದೇ ಎಂಪಿ3 ಸಿಡಿಗೆ ಹತ್ತಾರು ಸಿನಿಮಾಗಳ ಹಾಡು ತುಂಬಿ ಮಾರುವವರು ಬಂದರು. ಕೊಂಡ ಕ್ಯಾಸೆಟ್ಟಿಗೆ ಹಣ ಕೊಟ್ಟಿದ್ದೇವೆಂಬ ಕಾರಣಕ್ಕಾದರೂ ಜನ ಅದನ್ನು ಹತ್ತು ಸಲ ಹಾಕುತ್ತಿದ್ದರು. ಹತ್ತನೆಯ ಸಲಕ್ಕೆ ಹಿಡಿಸುವ ಹಾಡೂ ಹಾಗೆ ಬದುಕುತ್ತಿತ್ತು. ಸಿಡಿಯ ಕಾಲದಲ್ಲಿ ಗುಂಡಿ ಒತ್ತಿದರೆ ಮುಂದಿನ ಹಾಡು. ನಿಧಾನವಾಗಿ ಮನಸ್ಸಿಗಿಳಿಯಬೇಕಾದ ‘ಏಕಾಂಗಿ’ಗೆ ಆ ತಾಳ್ಮೆ ಸಿಗಲಿಲ್ಲ.

‘ಮಲ್ಲ’ದಲ್ಲಿ ರವಿಚಂದ್ರನ್ ಮತ್ತೆ ಹಲವರು ಸೇರಿ ಕೇಳುವ ಹಾಡಿಗೆ ಮರಳಿದರು. ನಿರ್ದೇಶನ, ಸಂಗೀತ ಅವರದೇ. ಜನ ಮುಕ್ತವಾಗಿ ಮೆಚ್ಚಿದರು. ಇಷ್ಟಾದರೂ ‘ಏಕಾಂಗಿ’ಯ ಹಠ ಅವರನ್ನು ಬಿಡಲಿಲ್ಲ. 2014ರ ‘ದೃಶ್ಯ’ದಲ್ಲಿ ನಟರಾಗಿ ಹೊಸ ಮೆಚ್ಚುಗೆ ಪಡೆದ ಮೇಲೂ, 2016ರಲ್ಲಿ ಲಿಫ್ಟಿನೊಳಗೆ ಸಿಕ್ಕಿಬಿದ್ದ ಇಬ್ಬರ ಕಥೆಯ ‘ಅಪೂರ್ವ’ ತಂದರು. ಅದೂ ಓಡಲಿಲ್ಲ.

ಇಂದು ಕಲಾಸಿಪಾಳ್ಯದಲ್ಲಿ 2023ರಲ್ಲಿ ಶುರುವಾದ ಹೊಸ ಬಸ್ ನಿಲ್ದಾಣವಿದೆ. ಟೇಪ್ ಡೆಕ್ಕಿನ ಬಸ್ಸುಗಳಿಲ್ಲ. ಕನ್ನಡ ಸಿನಿಮಾದ ಇತಿಹಾಸ ಬರೆಯುವವರು ಚಿತ್ರಗಳನ್ನೂ ತಾರೆಗಳನ್ನೂ ದಾಖಲಿಸಿದಷ್ಟು ಶ್ರದ್ಧೆಯಿಂದ ಈ ವ್ಯಾಪಾರವನ್ನು ದಾಖಲಿಸಿಲ್ಲ. ಯಾವ ಕ್ಯಾಸೆಟ್ ಯಾವ ಊರಿಗೆ ಎಷ್ಟು ಹೋಯಿತು, ಅಂಗಡಿಯವರು ಯಾವುದನ್ನು ಮತ್ತೆ ತರಿಸಿಕೊಂಡರು, ಯಾವುದನ್ನು ವಾಪಸ್ ಕಳಿಸಿದರು ಎಂಬ ಲೆಕ್ಕ ಹಳೆಯ ಬಿಲ್ ಪುಸ್ತಕಗಳಲ್ಲೂ ಆ ವ್ಯಾಪಾರ ನಡೆಸಿದವರ ನೆನಪಿನಲ್ಲೂ ಉಳಿದಿದ್ದರೆ, ಅದನ್ನು ಈಗಲೇ ಕೂಡಿಡಬೇಕು. ‘ಪ್ರೇಮಲೋಕ’ ಗೆದ್ದದ್ದೂ ‘ಏಕಾಂಗಿ’ ಅರ್ಧ ಗೆದ್ದದ್ದೂ ಅರ್ಥವಾಗುವುದು ಆ ಲೆಕ್ಕದಿಂದಲೇ.