ಚೌತಿಯಿಂದ ಪಾಡ್ಯದವರೆಗೆ: ‘ನಾಳೆ ಓದುತ್ತೇನೆ’ ಎಂಬುದರ ಚರಿತ್ರೆ

ತುಮಕೂರಿನಿಂದ ಕುಣಿಗಲ್ ರಸ್ತೆಯಲ್ಲಿ ಸಾಗಿದರೆ ಸಿಗುವ ನಮ್ಮ ಗೂಳೂರು ಮಹಾಗಣಪತಿಗೆ ಪ್ರಸಿದ್ಧ. ನಾಡಿನ ಬೇರೆಲ್ಲ ಕಡೆ ಭಾದ್ರಪದ ಚೌತಿಯಂದು ಗಣಪನ ಪೂಜೆಯಾದರೆ, ಇಲ್ಲಿ ಅಂದು ಮಣ್ಣಿನ ಕೆಲಸಕ್ಕೆ ಆರಂಭ. ಬಲಿಪಾಡ್ಯಮಿಯ ವೇಳೆಗೆ ಆಳೆತ್ತರವನ್ನು ಮೀರಿದ ಮೂರ್ತಿ ಸಿದ್ಧವಾಗಿ, ಕಾರ್ತಿಕ ಮಾಸವಿಡೀ ಪೂಜೆಗೊಂಡು, ಅನಂತರ ಕೆರೆಗೆ ಹೋಗುತ್ತದೆ. ಅಧಿಕಮಾಸ ನಡುವೆ ಬಾರದ ವರ್ಷಗಳಲ್ಲಿ ಲೆಕ್ಕ ಹಾಕಿದರೆ ಚೌತಿಯಿಂದ ಪಾಡ್ಯಕ್ಕೆ ಸುಮಾರು 56 ದಿನ. ಹಸಿಮಣ್ಣಿನ ಮೇಲೆ ಹಸಿಮಣ್ಣನ್ನು ಒಂದೇ ಸಮನೆ ಪೇರಿಸಿದರೆ ಅದು ಕುಸಿಯುತ್ತದೆ, ಇಲ್ಲವೇ ಬಿರುಕು ಬಿಡುತ್ತದೆ. ಒಂದು ಪದರ ಬಿಗಿಯಾಗುವವರೆಗೆ ಕಾಯಲೇಬೇಕು. ಕೊನೆಯ ವಾರದಲ್ಲಿ ನೂರು ಜನ ಸೇರಿದರೂ ಈ ಕೆಲಸವನ್ನು ಮುಗಿಸಲಾಗದು.

ಈ ಮೂರ್ತಿಯನ್ನು ನೋಡಿದಾಗಲೆಲ್ಲ ನನಗೆ ಫೆಬ್ರವರಿ ತಿಂಗಳ ಹತ್ತನೆಯ ತರಗತಿ ನೆನಪಾಗುತ್ತದೆ. ಮೂರು ದಶಕಗಳ ಕಾಲ ಗಣಿತ ಕಲಿಸಿದ ನಾನು ಜೂನ್‌ನಲ್ಲಿ ಕೇಳುತ್ತಿದ್ದುದು “ನಾಳೆ ಮಾಡ್ತೀನಿ ಸಾರ್” ಎಂಬ ಮಾತು. ಫೆಬ್ರವರಿಯಲ್ಲಿ ಕಾಣುತ್ತಿದ್ದುದು ನಿದ್ದೆಗೆಟ್ಟ ಕಣ್ಣುಗಳು, ಹೊಟ್ಟೆನೋವಿನ ರಜಾಚೀಟಿಗಳು.

ಈ ರೋಗ ಹೊಸದೇನಲ್ಲ. ಮುಂದೂಡುವವನಿಗೆ ‘ದೀರ್ಘಸೂತ್ರಿ’ ಎಂಬ ಹೆಸರು ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲೇ ಇದೆ; ಅಲ್ಲಿ ಅವನು ತಾಮಸ ಕರ್ತೃಗಳ ಸಾಲಿಗೆ ಸೇರಿದ್ದಾನೆ. ಮಹಾಭಾರತದ ಶಾಂತಿಪರ್ವದ ಮೂರು ಮೀನುಗಳಲ್ಲಿ ಒಂದರ ಹೆಸರೂ ದೀರ್ಘಸೂತ್ರ. ಬೆಸ್ತರು ಕೊಳದ ನೀರನ್ನು ಹೊರಹಾಕುತ್ತಿದ್ದುದನ್ನು ಕಂಡು ಮುಂದಾಲೋಚನೆಯ ಮೀನು ಮೊದಲೇ ಹೊರಟುಹೋಯಿತು, ಸಮಯಸ್ಫೂರ್ತಿಯ ಮೀನು ಕೊನೆಗಳಿಗೆಯಲ್ಲಿ ಉಪಾಯದಿಂದ ಪಾರಾಯಿತು, ಅವಸರವೇನಿದೆ ಎಂದು ಕುಳಿತದ್ದು ಸತ್ತಿತು. ನಾವು ಮೇಷ್ಟರುಗಳು ಈ ಕಥೆಯನ್ನು ಬೆತ್ತದ ಜೊತೆಗೆ ಹೇಳಿ ಹೇಳಿ ಸವೆಸಿದ್ದೇವೆ. ಆದರೆ ಆ ಮೀನು ಏಕೆ ಕದಲಲಿಲ್ಲ ಎಂದು ನಾನಂತೂ ಒಮ್ಮೆಯೂ ಕೇಳಲಿಲ್ಲ.

1990ರ ದಶಕದಲ್ಲಿ ಬೆಂಗಳೂರಿನಲ್ಲಿಯೂ ಅನೇಕ ಹಳ್ಳಿಗಳಲ್ಲಿಯೂ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದುದು ಹಿರಿಯ ಓದುಗರಿಗೆ ನೆನಪಿರಬಹುದು. ರಾತ್ರಿ ಬಂದು ಹೆಸರು ಹಿಡಿದು ಕರೆಯುವ ದೆವ್ವ ಅದನ್ನು ಓದಿ ಹಿಂದಿರುಗುತ್ತದೆಂಬ ನಂಬಿಕೆ. ನಗುವಂಥದೇ ಸರಿ. ಆದರೂ ಹೆದರಿದವನು ಮಾಡುವುದು ಇದನ್ನೇ ಅಲ್ಲವೇ? ಭಯವನ್ನು ಗೆಲ್ಲುವುದಿಲ್ಲ, ನಾಳೆಗೆ ಕಳಿಸುತ್ತಾನೆ.

ಇದು ನನಗೆ ಅರ್ಥವಾದದ್ದು ತಡವಾಗಿ. ಅದೇ ದಶಕದ ಕೊನೆಯಲ್ಲಿ ನಾನಿದ್ದ ಶಾಲೆಯ ಒಬ್ಬ ಹುಡುಗ ರೇಖಾಗಣಿತದ ನೋಟ್ಸನ್ನು ಇಡೀ ವರ್ಷ ತೋರಿಸಲಿಲ್ಲ. ತರಗತಿಯೆದುರು ಅವನನ್ನು ಸೋಮಾರಿ ಎಂದು ಜರೆದು ಹೊರಗೆ ನಿಲ್ಲಿಸಿದೆ. ಮರುದಿನದಿಂದ ಅವನು ಶಾಲೆಗೇ ಬರಲಿಲ್ಲ. ಮನೆಗೆ ಹೋದಾಗ ಅವನ ತಾಯಿ ಹೇಳಿದರು: “ಸೋಮಾರಿ ಅಲ್ಲ ಮೇಷ್ಟ್ರೇ ಅವ್ನು. ರಾತ್ರಿಯೆಲ್ಲ ಪುಸ್ತಕ ಮುಂದಿಟ್ಕಂಡು ಕೂತಿರ್ತಾನೆ. ಓದಾದೂ ಇಲ್ಲ, ಮಲಗಾದೂ ಇಲ್ಲ.” ನೋಟ್‌ಪುಸ್ತಕ ತೆರೆದು ನೋಡಿದೆ. ಮೊದಲ ಪ್ರಮೇಯವನ್ನೇ ಮುತ್ತಿನಂಥ ಅಕ್ಷರದಲ್ಲಿ ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದ. ಹರಿದ ಹಾಳೆಗಳ ಬುಡಗಳು ಹೊಲಿಗೆಯಲ್ಲಿ ಹಾಗೆಯೇ ಉಳಿದಿದ್ದವು. ಎರಡನೆಯ ಪ್ರಮೇಯಕ್ಕೆ ಅವನು ಹೋಗಿರಲೇ ಇಲ್ಲ. ಆ ಮಾರ್ಚ್‌ನಲ್ಲಿ ಅವನು ಪರೀಕ್ಷೆ ಬರೆಯಲಿಲ್ಲ. ಮರುವರ್ಷ ಬರೆದು ಪಾಸಾದ. ಕಳೆದ ಆ ಒಂದು ವರ್ಷ ನನ್ನ ಲೆಕ್ಕದಲ್ಲಿದೆ.

ಸಂಶೋಧಕರ ಬರಹಗಳನ್ನು ನಾನು ಓದಿದ್ದು ನಿವೃತ್ತಿಯ ನಂತರ. ಅಮೆರಿಕದ ಡಯಾನ್ ಟೈಸ್ ಮತ್ತು ರಾಯ್ ಬಾಮೈಸ್ಟರ್ 1997ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮುಂದೂಡುವ ವಿದ್ಯಾರ್ಥಿಗಳು ಅವಧಿಯ ಆರಂಭದಲ್ಲಿ ಇತರರಿಗಿಂತ ಹಾಯಾಗಿರುತ್ತಾರೆ. ಕೊನೆಯಲ್ಲಿ ಅವರ ಒತ್ತಡವೂ ಕಾಯಿಲೆಯೂ ಮಿಕ್ಕವರನ್ನು ಮೀರುತ್ತವೆ, ಅಂಕಗಳು ಇಳಿಯುತ್ತವೆ. ನನ್ನ ಜೂನ್ ಮತ್ತು ಫೆಬ್ರವರಿಗಳೇ ಅವು. ಸ್ಟಾಕ್‌ಹೋಮ್ ಪ್ರದೇಶದ 3,525 ವಿದ್ಯಾರ್ಥಿಗಳನ್ನು ಕುರಿತು 2023ರಲ್ಲಿ ಪ್ರಕಟವಾದ ಅಧ್ಯಯನವು ಮುಂದೂಡುವ ಅಭ್ಯಾಸದ ಜೊತೆಗೆ ಖಿನ್ನತೆ, ಆತಂಕ, ಕಳಪೆ ನಿದ್ರೆ, ಒಂಟಿತನಗಳ ನಂಟನ್ನು ಗುರುತಿಸಿತು. ಆದರೆ ನನ್ನನ್ನು ಹೆಚ್ಚು ಚುಚ್ಚಿದ್ದು ಕೆನಡಾದ ಮೈಕೇಲ್ ವೋಲ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನ. ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿ, ಅದಕ್ಕಾಗಿ ತಮ್ಮನ್ನು ತಾವೇ ಕ್ಷಮಿಸಿಕೊಂಡವರು ಎರಡನೆಯ ಪರೀಕ್ಷೆಗೆ ಕಡಿಮೆ ಮುಂದೂಡಿದರಂತೆ. ನಾನು ಮಾಡಿದ್ದು ನೇರವಾಗಿ ಇದಕ್ಕೆ ವಿರುದ್ಧ.

ನಮ್ಮ ವ್ಯವಸ್ಥೆಯ ಪಾಲೂ ಇದೆ. ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ಸ್ಥಾಪನೆಯಾದದ್ದು 1966ರಲ್ಲಿ. ಅಲ್ಲಿಂದ ದಶಕಗಳ ಕಾಲ ವರ್ಷದ ಕೊನೆಯ ಒಂದು ಪರೀಕ್ಷೆಯೇ ಮಗುವಿನ ಹಣೆಬರಹವೆಂಬಂತೆ ನಡೆದುಬಂದಿತು. ಹತ್ತು ತಿಂಗಳಾಚೆಗಿನ ಬೆಟ್ಟ ದೂರಕ್ಕೆ ನುಣ್ಣಗೇ ಕಾಣುತ್ತದೆ. ಆಮೇಲೆ ಲಿಖಿತ ಪರೀಕ್ಷೆಗೆ 80 ಅಂಕ, ಆಂತರಿಕ ಮೌಲ್ಯಮಾಪನಕ್ಕೆ 20 ಎಂದಾಯಿತು. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳಾದವು, ಅವುಗಳಲ್ಲಿ ಪಡೆದ ಉತ್ತಮ ಅಂಕಗಳೇ ಗಣನೆಗೆ ಬಂದವು. ಒಂದೇ ಏಟಿಗೆ ಬದುಕು ಮುಗಿಯಿತೆಂಬ ಭಯವನ್ನು ತಗ್ಗಿಸುವ ಈ ಕ್ರಮವನ್ನು ನಾನು ಮೆಚ್ಚುತ್ತೇನೆ; ಜೊತೆಗೇ ‘ನಾಳೆ’ಗೆ ಇನ್ನೆರಡು ಬಾಗಿಲು ತೆರೆಯಿತೇ ಎಂದೂ ಯೋಚಿಸುತ್ತೇನೆ.

ಕಳೆದ ಚೌತಿಯ ಸಂಜೆ ನಮ್ಮ ಬೀದಿಯ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಗಣಿತ ಹೇಳಿಸಿಕೊಳ್ಳಲು ಬಂದಳು. ನೋಟ್‌ಪುಸ್ತಕ ಖಾಲಿಯಿತ್ತು. “ಎರಡನೇ ಪರೀಕ್ಷೆ ಇದೆಯಲ್ಲಾ ತಾತ” ಎಂದು ನಕ್ಕಳು, ಆದರೆ ನನ್ನ ಮುಖ ನೋಡಲಿಲ್ಲ. ನಾನು ಬೈಯಲಿಲ್ಲ. ಥೇಲ್ಸನ ಪ್ರಮೇಯದ ಚಿತ್ರವನ್ನಷ್ಟೇ ಬರೆ, ವಕ್ರವಾದರೂ ಹರಿಯಬೇಡ, ಸಾಧನೆ ನಾಡಿದ್ದು ನೋಡೋಣ ಎಂದೆ. ರೂಲರ್ ತಂದಿರಲಿಲ್ಲ. ಕೈಯಲ್ಲೇ ಗೀಚಿದಳು.